ರಜೆಯ ಒಂದು ವಾರ ಕ್ವಾರ್ಟೆಟ್ ನುಡಿಸೋಕೆ ಹೋಗಬಹುದಾ?

ಪ್ರಶ್ನೆ: ನನಗೆ ಐವತ್ತೆರಡು ವರ್ಷ. ಚಿಕ್ಕವಳಿದ್ದಾಗ ಪಾಶ್ಚಾತ್ಯ ಶೈಲಿಯ ವಯಲಿನ್ ಕಲಿತಿದ್ದೆ. ಆಮೇಲೆ ಕೆಲಸ, ಮಕ್ಕಳು ಅಂತ ಬಿಟ್ಟೇಹೋಯಿತು. ನಾಲ್ಕು ವರ್ಷದಿಂದ ಮತ್ತೆ ಪಾಠಕ್ಕೆ ಹೋಗುತ್ತಿದ್ದೇನೆ. ನುಡಿಸೋದೆಲ್ಲ ಮನೆಯಲ್ಲಿ ಒಬ್ಬಳೇ. ಹವ್ಯಾಸಿಗಳಿಗೆ ಅಂತಲೇ ನಡೆಯುವ ಒಂದು ವಾರದ ಬೇಸಿಗೆ ಚೇಂಬರ್ ಮ್ಯೂಸಿಕ್ ಕೋರ್ಸ್‌ಗೆ, ಅಂದರೆ ಕೆಲವೇ ಜನ ಸೇರಿ ನುಡಿಸುವ ಸಂಗೀತದ ಕೋರ್ಸ್‌ಗೆ ಸೇರುವ ಆಸೆ. ಅಲ್ಲಿ ಹೆಚ್ಚಾಗಿ ಕ್ವಾರ್ಟೆಟ್: ಎರಡು ವಯಲಿನ್, ಒಂದು ವಯೋಲಾ (ವಯಲಿನ್‌ಗಿಂತ ಕೊಂಚ ದೊಡ್ಡದು), ಒಂದು ಚೆಲ್ಲೊ, ಹೀಗೆ ನಾಲ್ವರ ಗುಂಪು. ಅರ್ಜಿಯಲ್ಲಿ ‘ನಿಮ್ಮ ಮಟ್ಟ ಏನು’ ಅಂತ ಕೇಳಿದ್ದಾರೆ. ಅಲ್ಲೇ ಪೆನ್ನು ನಿಂತುಬಿಟ್ಟಿದೆ. ನನ್ನಿಂದ ಉಳಿದ ಮೂವರ ರಜೆ ಹಾಳಾದರೆ ಅನ್ನೋ ಭಯ. ನಮ್ಮ ಯಜಮಾನರು ‘ರಜೆ ಅಂದರೆ ವಿಶ್ರಾಂತಿ, ಪರೀಕ್ಷೆ ಅಲ್ಲ’ ಅನ್ನುತ್ತಾರೆ. ಅವರೂ ಜೊತೆಗೆ ಬರಬಹುದಂತೆ. ಹೋಗಲಾ? ಹೋದರೆ ಹೇಗೆ ತಯಾರಾಗಲಿ?

ಉತ್ತರ: ಹೋಗಿ. ಆದರೆ ವಿಶ್ರಾಂತಿ ಸಿಗುತ್ತೆ ಅಂದುಕೊಂಡು ಮಾತ್ರ ಹೋಗಬೇಡಿ. ಆ ಒಂದು ವಿಷಯದಲ್ಲಿ ನಿಮ್ಮ ಯಜಮಾನರ ಮಾತು ಸರಿ.

ಇಂಥ ಕೋರ್ಸ್‌ಗಳ ದಿನಚರಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆಳಿಗ್ಗೆ ನಿಮ್ಮ ಗುಂಪಿನ ಜೊತೆ ಟ್ಯೂಟರ್ ಕೂರುತ್ತಾರೆ. ಒಂದೂವರೆ, ಎರಡು ಗಂಟೆ ಒಂದೇ ಕೃತಿಯ ಮೇಲೆ ಕೆಲಸ. ಮಧ್ಯಾಹ್ನ ಇನ್ನೊಂದು ಗುಂಪು, ಇನ್ನೊಂದು ಕೃತಿ; ಇಲ್ಲವೇ ಯಾರು ಸಿಕ್ಕರೆ ಅವರ ಜೊತೆ ಸುಮ್ನೆ ನುಡಿಸೋದು. ಸಂಜೆ ಟ್ಯೂಟರ್‌ಗಳ ಕಛೇರಿ. ಅದು ಮುಗಿದು ಎಲ್ಲರೂ ಮಲಗುವ ಹೊತ್ತಿಗೆ ಯಾರೋ ಬಂದು ‘ಒಬ್ಬ ವಯಲಿನ್ ಕಮ್ಮಿ ಇದ್ದಾರೆ, ಬರ್ತೀರಾ’ ಅನ್ನುತ್ತಾರೆ. ನೀವು ಹೋಗುತ್ತೀರಿ. ದಿನಕ್ಕೆ ಐದಾರು ಗಂಟೆ ವಾದ್ಯ ಕೈಯಲ್ಲೇ ಇರುತ್ತದೆ. ಮನೆಯಲ್ಲಿ ನಲವತ್ತು ನಿಮಿಷ ನುಡಿಸುವವರಿಗೆ ಇದು ದೊಡ್ಡ ಜಿಗಿತ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಆ ‘ಮಟ್ಟ’ದ ಪ್ರಶ್ನೆ ಮುಗಿಸೋಣ. ಇದು ಹಳೇ ತಲೆನೋವು. 1947ರಲ್ಲಿ ಅಮೆರಿಕದಲ್ಲಿ ಹವ್ಯಾಸಿ ಚೇಂಬರ್ ಮ್ಯೂಸಿಕ್ ವಾದಕರ ಸಂಘವೊಂದು ಹುಟ್ಟಿತು. ಬೇರೆ ಊರಿಗೆ ಹೋದಾಗ ಜೊತೆಗೆ ನುಡಿಸುವವರು ಸಿಗಲಿ ಅನ್ನೋದು ಉದ್ದೇಶ. ಅದಕ್ಕೆ ಸದಸ್ಯರ ಹೆಸರಿನ ಪಟ್ಟಿ ಮಾಡಿದರು. ಯಾರು ಹೇಗೆ ನುಡಿಸುತ್ತಾರೆ ಅಂತ ಗೊತ್ತಾಗೋಕೆ ಎ, ಬಿ, ಸಿ, ಡಿ ಅಂತ ದರ್ಜೆ ಇಟ್ಟರು. ಆ ದರ್ಜೆಯನ್ನು ಕೊಟ್ಟುಕೊಳ್ಳಬೇಕಾದವರು ಸದಸ್ಯರೇ. ಈಗಲೂ ಹೆಚ್ಚಿನ ಕಡೆ ಹೀಗೇ ನಡೆಯುತ್ತದೆ. ತೊಂದರೆ ಏನು ಅಂದರೆ, ನಿಮ್ಮಂಥ ಸಂಕೋಚದವರು ಒಂದು ದರ್ಜೆ ಕೆಳಗೆ ಬರೆಯುತ್ತಾರೆ, ಧೈರ್ಯಸ್ಥರು ಒಂದು ದರ್ಜೆ ಮೇಲೆ. ಗುಂಪು ಜೋಡಿಸುವವರು ಪಾಪ ಇವೆರಡನ್ನೂ ಊಹೆಯಿಂದ ಸರಿದೂಗಿಸಬೇಕು.

ಹಾಗಾಗಿ ದರ್ಜೆಯ ಜೊತೆಗೆ ನಾಲ್ಕು ಸಾಲು ಬಿಡಿಸಿ ಬರೆಯಿರಿ. ಈಗ ಪಾಠದಲ್ಲಿ ಯಾವ ಕೃತಿ ನಡೀತಿದೆ. ಥರ್ಡ್ ಪೊಸಿಷನ್‌ನಲ್ಲಿ (ವಯಲಿನ್ ಕತ್ತಿನ ಮೇಲೆ ಕೈಯನ್ನು ಮೇಲಕ್ಕೆ ಸರಿಸಿ ಹಿಡಿಯುವ ಮೂರನೇ ಜಾಗ) ಕೈ ಆರಾಮಾಗಿ ಕೂರುತ್ತಾ, ಫಿಫ್ತ್‌ಗೆ ಹೋದರೆ ಏನಾಗುತ್ತೆ. ನೊಟೇಷನ್ ನೋಡಿದ ಕೂಡಲೇ ನುಡಿಸಬಲ್ಲಿರಾ, ಇಲ್ಲ ಮನೆಯಲ್ಲಿ ಕೂತು ಕಲಿಯೋಕೆ ಸಮಯ ಬೇಕಾ. ‘ಗುಂಪಿನಲ್ಲಿ ನುಡಿಸಿ ಅಭ್ಯಾಸ ಇಲ್ಲ, ಎರಡನೇ ವಯಲಿನ್ ಕೊಟ್ಟರೆ ಖುಷಿ, ಕೃತಿ ಯಾವುದು ಅಂತ ಮೊದಲೇ ತಿಳಿಸಿ’ ಅಂತ ಕೊನೆಗೆ ಸೇರಿಸಿ. ಹೀಗೆ ಬರೆದ ಅರ್ಜಿ ಬಂದರೆ ಗುಂಪು ಮಾಡೋರಿಗೆ ಜೀವ ಬಂದ ಹಾಗಾಗುತ್ತದೆ. ನಾನೂ ಆ ಕೆಲಸ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ನಿಮ್ಮ ಭಯ. ‘ನನ್ನಿಂದ ಉಳಿದವರ ರಜೆ ಹಾಳಾದರೆ?’ ತಪ್ಪು ಸ್ವರ ನುಡಿಸಿ ಯಾರೂ ಯಾರ ರಜೆಯನ್ನೂ ಹಾಳು ಮಾಡಿದ್ದು ನಾನು ನೋಡಿಲ್ಲ. ತಪ್ಪು ಸ್ವರ ಬಂತು, ಹೋಯಿತು, ಅಷ್ಟೇ. ಗುಂಪಿಗೆ ನಿಜವಾಗಿ ಕಷ್ಟವಾಗೋದು ನಿಲ್ಲುವವರಿಂದ. ಒಬ್ಬರೇ ನುಡಿಸಿ ಬೆಳೆದವರಿಗೆಲ್ಲ ಈ ಚಾಳಿ ಇರುತ್ತದೆ. ಸ್ವರ ತಪ್ಪಿತು ಅಂದ ಕೂಡಲೇ ಕಮಾನು ನಿಲ್ಲುತ್ತದೆ, ಅದೇ ಬಾರ್ (ನೊಟೇಷನ್‌ನಲ್ಲಿ ಎರಡು ನಿಂತ ಗೆರೆಗಳ ನಡುವಿನ ತುಂಡು) ಇನ್ನೊಮ್ಮೆ ನುಡಿಸಿ ಸರಿಮಾಡಿ ಮುಂದೆ ಹೋಗುತ್ತಾರೆ. ಮನೆಯಲ್ಲಿ ಅದು ಒಳ್ಳೆಯದೇ. ಕ್ವಾರ್ಟೆಟ್‌ನಲ್ಲಿ ಅಷ್ಟು ಹೊತ್ತಿಗೆ ಉಳಿದ ಮೂವರು ಎರಡು ಬಾರ್ ಮುಂದೆ ಹೋಗಿರುತ್ತಾರೆ.

ಹಾಗಾಗಿ ನೀವು ತಯಾರಿ ಮಾಡಬೇಕಾದ್ದು ಮುಖ್ಯವಾಗಿ ಇದೊಂದೇ: ಏನೇ ಆಗಲಿ ನಿಲ್ಲದೆ ಹೋಗೋದು, ದಾರಿ ತಪ್ಪಿದರೆ ಮತ್ತೆ ಸೇರಿಕೊಳ್ಳೋದು. ಬೆರಳಿನ ಚುರುಕು ಇದರ ಮುಂದೆ ಏನೂ ಅಲ್ಲ. ಇದನ್ನು ಮನೆಯಲ್ಲೇ ಕಲಿಯಬಹುದು.

ಕೃತಿ ಗೊತ್ತಾದ ಮೇಲೆ ಅದರ ಒಳ್ಳೆಯ ರೆಕಾರ್ಡಿಂಗ್ ಹಾಕಿಕೊಳ್ಳಿ. ವೇಗ ಕಡಿಮೆ ಮಾಡುವ ಸೌಲಭ್ಯ ಈಗ ಎಲ್ಲ ಕಡೆ ಇದೆ, ಮುಕ್ಕಾಲು ವೇಗಕ್ಕೆ ಇಳಿಸಿ. ಮೊದಲ ಸಲ ವಾದ್ಯ ಮುಟ್ಟಬೇಡಿ. ನಿಮ್ಮ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಬಾರ್ ಲೆಕ್ಕ ಹಾಕುತ್ತಾ ಹೋಗಿ. ಎರಡನೇ ಸಲ ಪ್ರತಿ ಬಾರ್‌ನ ಮೊದಲ ಸ್ವರ ಮಾತ್ರ ನುಡಿಸಿ, ಉಳಿದಿದ್ದು ಬಿಟ್ಟುಬಿಡಿ. ಮೂರನೇ ಸಲ ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಿ, ಸಿಗದಿದ್ದನ್ನು ಬಿಡಿ, ಹಿಂದೆ ಮಾತ್ರ ತಿರುಗಬೇಡಿ. ಇದೇ ಕ್ರಮದಲ್ಲಿ ದಿನಾ ಒಂದು ಸಲ. ಆಮೇಲೆ ಬೇಕಂತಲೇ ಮಧ್ಯದಲ್ಲಿ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕಣ್ಣು ತೆಗೆದು, ಎಲ್ಲಿದ್ದಾರೆ ಅಂತ ಹುಡುಕಿ. ಮೊದಮೊದಲು ಸಿಟ್ಟು ಬರುತ್ತದೆ. ವಾರ ಕಳೆದ ಮೇಲೆ ಕಿವಿ ತಾನೇ ಗುರುತು ಹಿಡಿಯುತ್ತದೆ: ಇಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಇಲ್ಲಿ ಚೆಲ್ಲೊ ಒಂದೇ ಸ್ವರ ಹಿಡಿದು ಕೂರುತ್ತದೆ, ಇಲ್ಲಿ ಮೊದಲಿನ ರಾಗ ವಾಪಸ್ ಬರುತ್ತದೆ. ಆ ಜಾಗಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕಳೆದುಹೋದಾಗ ಹತ್ತಿಕೊಳ್ಳೋಕೆ ಅವೇ ನಿಮ್ಮ ಬಸ್ ಸ್ಟಾಪ್‌ಗಳು.

ಯಾವ ಕೃತಿ ಕೊಡಿ ಅಂತ ಕೋರ್ಸ್‌ನವರನ್ನು ಕೇಳೋದು? ಕಣ್ಣು ಮುಚ್ಚಿಕೊಂಡು ಆಸ್ಟ್ರಿಯದ ಸಂಯೋಜಕ ಹೈಡನ್‌ನದ್ದು ಕೊಡಿ ಅನ್ನಿ. ಅರವತ್ತೆಂಟು ಕ್ವಾರ್ಟೆಟ್ ಬರೆದಿದ್ದಾನೆ, ಎಲ್ಲರಿಗೂ ಏನಾದರೂ ಸಿಗುತ್ತದೆ. 1797ರಲ್ಲಿ ಬರೆದ ಓಪಸ್ 76 (ಕೃತಿಗಳ ಪ್ರಕಟಣೆಯ ಕ್ರಮಸಂಖ್ಯೆ) ಅನ್ನೋ ಕಟ್ಟಿನ ಮೂರನೇ ಕ್ವಾರ್ಟೆಟ್ ಅನ್ನು ‘ಎಂಪರರ್’ ಅನ್ನುತ್ತಾರೆ. ಅದರ ನಿಧಾನಗತಿಯ ಎರಡನೇ ಭಾಗ ನಿಮಗೆ ಹೇಳಿ ಮಾಡಿಸಿದ್ದು. ಆಸ್ಟ್ರಿಯದ ಚಕ್ರವರ್ತಿಗಾಗಿ ಹೈಡನ್ ತಾನೇ ಕಟ್ಟಿದ ಒಂದು ಪ್ರಾರ್ಥನಾ ಗೀತೆಯ ರಾಗ ಅಲ್ಲಿದೆ. ಇವತ್ತು ಜರ್ಮನಿಯ ರಾಷ್ಟ್ರಗೀತೆಯ ರಾಗವೂ ಅದೇ. ಮೊದಲು ನಾಲ್ಕೂ ಜನ ಸೇರಿ ಆ ರಾಗ ನುಡಿಸುತ್ತಾರೆ. ಆಮೇಲೆ ನಾಲ್ಕು ವೇರಿಯೇಷನ್, ಅಂದರೆ ಅದೇ ರಾಗ ನಾಲ್ಕು ಬೇರೆ ಬೇರೆ ಹೊದಿಕೆಯಲ್ಲಿ. ಹೈಡನ್ ಆ ರಾಗವನ್ನು ಮುಟ್ಟೋದೇ ಇಲ್ಲ, ಒಬ್ಬೊಬ್ಬರ ಕೈಗೆ ಒಂದೊಂದು ಸಲ ಕೊಡುತ್ತಾ ಹೋಗುತ್ತಾನೆ. ಮೊದಲ ಸರದಿ ಯಾರದ್ದು ಗೊತ್ತಾ? ಎರಡನೇ ವಯಲಿನ್‌ದು. ವಯೋಲಾ, ಚೆಲ್ಲೊ ಎರಡೂ ಸುಮ್ಮನಾಗುತ್ತವೆ. ನೀವು ರಾಗ ಹಿಡಿದು ನಿಧಾನವಾಗಿ ಹೋಗುತ್ತೀರಿ, ಮೊದಲ ವಯಲಿನ್ ನಿಮ್ಮ ಸುತ್ತ ಪುಟ್ಟಪುಟ್ಟ ವೇಗದ ಸ್ವರಗಳಲ್ಲಿ ಓಡಾಡುತ್ತದೆ. ಆಮೇಲೆ ರಾಗ ಚೆಲ್ಲೊಗೆ, ಅಲ್ಲಿಂದ ವಯೋಲಾಗೆ, ಕೊನೆಗೆ ಮೊದಲ ವಯಲಿನ್‌ಗೆ.

ಈ ಮೊದಲ ವೇರಿಯೇಷನ್ ಪಾಠ ಮಾಡುವಾಗ ಆಗೋದೆಲ್ಲ ಒಂದೇ ಥರ. ಎರಡನೇ ವಯಲಿನ್‌ನವರು ಸಂಕೋಚದಿಂದ ಪಿಸುಗುಟ್ಟುತ್ತಾರೆ. ಮೊದಲನೆಯವರು ಸ್ವರ ಜಾಸ್ತಿ ಇರೋದರಿಂದ ಓಡುತ್ತಾರೆ. ಇವರು ಅವರನ್ನು ಹಿಡಿಯೋಕೆ ಹೋಗುತ್ತಾರೆ, ಇಬ್ಬರೂ ಸೇರಿ ಎಲ್ಲಿಗೋ ಹೋಗುತ್ತಾರೆ. ನಾನು ಮೊದಲನೆಯವರಿಗೆ ‘ಪ್ರತಿ ಬೀಟ್‌ನ ಮೊದಲ ಸ್ವರ ಮಾತ್ರ ನುಡಿಸಿ’ ಅನ್ನುತ್ತೇನೆ. ಎರಡನೆಯವರಿಗೆ ‘ಒಂದು ಕಮಾನು ಎಳೆಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು ತಗೊಳ್ಳಿ, ಅವರು ಕಾಯಲಿ’ ಅನ್ನುತ್ತೇನೆ. ತಾಳ ನಿಮ್ಮ ಕೈಯಲ್ಲಿದೆ, ಅವರ ಕೈಯಲ್ಲಲ್ಲ. ಅದು ಅರಿವಾದ ಕ್ಷಣ ಭುಜ ಇಳಿಯುತ್ತದೆ, ಸದ್ದು ದೊಡ್ಡದಾಗುತ್ತದೆ. ಟ್ಯೂಟರ್ ಕೆಲಸದಲ್ಲಿ ನನಗೆ ತುಂಬಾ ಇಷ್ಟದ ಹತ್ತು ನಿಮಿಷ ಅದು.

ಹವ್ಯಾಸಿಗಳು ಇಂಥ ಸಂಗೀತಕ್ಕೆ ಕೈ ಹಾಕೋದೇ ಉದ್ಧಟತನ ಅಂತ ಕೆಲವರಿಗೆ ಅನ್ನಿಸುತ್ತದೆ. ಹಾಗೇನಿಲ್ಲ. ಇದರಲ್ಲಿ ಎಷ್ಟೋ ಭಾಗ ಹುಟ್ಟಿದ್ದೇ ಹವ್ಯಾಸಿಗಳಿಂದ. ಪ್ರಷ್ಯದ ರಾಜ ಎರಡನೇ ಫ್ರೆಡ್ರಿಕ್ ವಿಲ್ಹೆಲ್ಮ್ ಚೆಲ್ಲೊ ನುಡಿಸುತ್ತಿದ್ದ. ಮೊಜಾರ್ಟ್‌ನ ಕೊನೆಯ ಮೂರು ಕ್ವಾರ್ಟೆಟ್‌ಗಳಲ್ಲಿ ಚೆಲ್ಲೊಗೆ ಅಷ್ಟೊಂದು ಚೆಂದದ ಸಾಲು ಸಿಕ್ಕಿದ್ದು ಅವನ ದೆಸೆಯಿಂದ. ಶೂಬರ್ಟ್‌ನ ‘ಟ್ರೌಟ್’ ಕ್ವಿಂಟೆಟ್ (ಐವರ ಕೃತಿ) 1819ರದ್ದು. ಅದನ್ನು ಬರೆಸಿದ್ದು ಆಸ್ಟ್ರಿಯದ ಸ್ಟೈರ್ ಊರಿನ ಪೌಮ್‌ಗಾರ್ಟ್ನರ್ ಅನ್ನೋ ಸಂಗೀತದ ಹುಚ್ಚಿನ ಶ್ರೀಮಂತ, ಅವನೂ ಚೆಲ್ಲೊ ನುಡಿಸುವ ಹವ್ಯಾಸಿ. 1893ರ ಬೇಸಿಗೆ ರಜೆಗೆ ಚೆಕ್ ಸಂಯೋಜಕ ಡ್ವೊರ್ಝಾಕ್ ಅಮೆರಿಕದ ಸ್ಪಿಲ್‌ವಿಲ್ ಅನ್ನೋ ಪುಟ್ಟ ಊರಿಗೆ ಹೋದ. ಬಂದು ಕೆಲವೇ ದಿನಕ್ಕೆ ‘ಅಮೆರಿಕನ್’ ಕ್ವಾರ್ಟೆಟ್ ಶುರುಮಾಡಿ ಅದೇ ಜೂನ್‌ನಲ್ಲಿ ಮುಗಿಸಿದ. ಅದನ್ನು ಮೊದಲ ಸಲ ನುಡಿಸಿ ನೋಡಿದ್ದು ಆ ಊರಿನ ಕೊವಾರ್ಝಿಕ್ ಮನೆಯವರ ಜೊತೆ. ಮೊದಲ ವಯಲಿನ್‌ಗೆ ತಾನೇ ಕೂತಿದ್ದ. ಬೇಸಿಗೆ ಕೋರ್ಸ್ ಅಂದರೆ ಇದೇ ಅಲ್ವಾ?

ಹಾಗಂತ ಹವ್ಯಾಸಿಗಳಿಗೆ ಬರೆದದ್ದೆಲ್ಲ ಸುಲಭ ಅಂತಲ್ಲ. 1887ರಲ್ಲಿ ಡ್ವೊರ್ಝಾಕ್ ಇದ್ದ ಮನೆಯಲ್ಲೇ ಬಾಡಿಗೆಗಿದ್ದ ರಸಾಯನಶಾಸ್ತ್ರದ ಹುಡುಗನೊಬ್ಬ ವಯಲಿನ್ ಕಲಿಯುತ್ತಿದ್ದ. ಆ ಹುಡುಗ, ಅವನ ಮೇಷ್ಟ್ರು, ತಾನು ಮೂವರೂ ಸೇರಿ ನುಡಿಸೋಣ ಅಂತ ಡ್ವೊರ್ಝಾಕ್ ಎರಡು ವಯಲಿನ್, ಒಂದು ವಯೋಲಾಗೆ ಒಂದು ಟೆರ್ಜೆಟ್ಟೊ (ಮೂವರ ಕೃತಿ) ಬರೆದ. ಹುಡುಗನಿಗೆ ಅದು ಕೈಗೆ ಹತ್ತಲಿಲ್ಲ. ಡ್ವೊರ್ಝಾಕ್ ಬೇಜಾರು ಮಾಡಿಕೊಳ್ಳದೆ ಅದೇ ಮೂವರಿಗೆ ಇನ್ನೂ ಸರಳವಾದ ‘ಮಿನಿಯೇಚರ್ಸ್’ ಬರೆದುಕೊಟ್ಟ. ನಿಮ್ಮ ಗುಂಪಿಗೆ ಕೊಟ್ಟ ಕೃತಿ ಭಾರವಾಯಿತು ಅಂದರೆ ನೀವೂ ಎರಡನೇ ದಿನವೇ ಹೇಳಿ. ಕೃತಿ ಬದಲಾಯಿಸೋದು ಅವಮಾನ ಅಲ್ಲ. ಬೀಥೊವನ್‌ನ ಕೊನೆಗಾಲದ ಕ್ವಾರ್ಟೆಟ್‌ಗಳ ಆಸೆಯನ್ನಂತೂ ಮೊದಲ ವರ್ಷ ಪಕ್ಕಕ್ಕಿಡಿ. ಯಾರಾದರೂ ರಾತ್ರಿ ಹತ್ತಕ್ಕೆ ಅದನ್ನು ತೆಗೆದರೆ ನಯವಾಗಿ ತಪ್ಪಿಸಿಕೊಳ್ಳಿ.

ಶ್ರುತಿಯ ವಿಷಯ ಒಂದು ಹೇಳಬೇಕು, ಒಬ್ಬರೇ ನುಡಿಸುವಾಗ ಇದು ಗೊತ್ತೇ ಆಗೋದಿಲ್ಲ. ಎಲ್ಲರೂ ಎ ತಂತಿಯಿಂದ ಶುರುಮಾಡಿ, ತಂತಿತಂತಿಗಳ ನಡುವಿನ ಪಂಚಮವನ್ನು ಕಿವಿಗೆ ಶುದ್ಧವಾಗಿ ಕೂಡಿಸಿಕೊಳ್ಳುತ್ತಾರೆ. ಎಲ್ಲರದ್ದೂ ಸರಿಯಾಗಿಯೇ ಇರುತ್ತದೆ. ಆಮೇಲೆ ಚೆಲ್ಲೊ ತನ್ನ ತಳದ ಸಿ ತಂತಿ ಎಳೆದು, ನೀವು ಮೇಲಿನ ಇ ತಂತಿ ಎಳೆದರೆ ಎರಡೂ ಕಚ್ಚಾಡುತ್ತವೆ. ಯಾರದ್ದೂ ತಪ್ಪಲ್ಲ. ಎ ಇಂದ ಮೂರು ಶುದ್ಧ ಪಂಚಮ ಕೆಳಗಿಳಿದರೆ ಸಿ ಕೊಂಚ ತಗ್ಗಿರುತ್ತದೆ, ಒಂದು ಪಂಚಮ ಮೇಲೇರಿದ ಇ ಕೊಂಚ ಎತ್ತರದಲ್ಲಿರುತ್ತದೆ. ಅದಕ್ಕೇ ಕ್ವಾರ್ಟೆಟ್‌ನವರು ಪಂಚಮಗಳನ್ನು ಕೂದಲೆಳೆಯಷ್ಟು ಚಿಕ್ಕದು ಮಾಡಿ ಶ್ರುತಿ ಕೂಡಿಸುತ್ತಾರೆ. ಟ್ಯೂಟರ್ ಮೊದಲ ದಿನ ಇದಕ್ಕೇ ಹದಿನೈದು ನಿಮಿಷ ತಗೊಂಡರೆ ‘ಸಮಯ ಹಾಳು’ ಅಂದುಕೊಳ್ಳಬೇಡಿ.

ದೇಹದ ಕಡೆ ಬರೋಣ. ಒಂದು ತಿಂಗಳ ಮುಂಚೆಯೇ ನುಡಿಸುವ ಹೊತ್ತನ್ನು ಸ್ವಲ್ಪಸ್ವಲ್ಪ ಜಾಸ್ತಿ ಮಾಡುತ್ತಾ ಬನ್ನಿ. ಇಪ್ಪತ್ತೈದು ನಿಮಿಷ ನುಡಿಸಿ, ವಾದ್ಯ ಕೆಳಗಿಟ್ಟು ಓಡಾಡಿ, ಮತ್ತೆ ಕೂರಿ. ಕೋರ್ಸ್‌ನಲ್ಲಿ ಎಡಗೈ ಹೆಬ್ಬೆರಳೋ ಭುಜವೋ ನೋಯತೊಡಗಿದರೆ ಮೂರನೇ ದಿನದ ಮಧ್ಯಾಹ್ನ ಪೂರ್ತಿ ಬಿಟ್ಟುಬಿಡಿ. ಆದರೆ ಬೆಳಿಗ್ಗೆಯೇ ಹೇಳಿ. ನೀವಿಲ್ಲದಿದ್ದರೆ ಮೂವರು ಖಾಲಿ ಕೂರಬೇಕಾಗುತ್ತೆ. ಮುಂಚೆ ಗೊತ್ತಾದರೆ ಟ್ಯೂಟರೇ ನಿಮ್ಮ ಜಾಗದಲ್ಲಿ ಕೂತಾರು.

ಕನ್ನಡಕದ ಮಾತು ಯಾರೂ ಹೇಳೋದಿಲ್ಲ, ನಾನು ಹೇಳುತ್ತೇನೆ. ಓದೋ ಕನ್ನಡಕ ಕೈಯಲ್ಲಿ ಹಿಡಿದ ಪುಸ್ತಕಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರ್‌ಗೆ ಮಾಡಿಸಿರುತ್ತೇವೆ. ಮ್ಯೂಸಿಕ್ ಸ್ಟ್ಯಾಂಡ್ ಅದಕ್ಕಿಂತ ದೂರ ಇರುತ್ತದೆ. ಪ್ರೊಗ್ರೆಸಿವ್ ಲೆನ್ಸ್ ಇದ್ದರೆ ಇನ್ನೂ ಫಜೀತಿ: ಹಾಳೆ ಸರಿಯಾಗಿ ಕಾಣೋಕೆ ಗಲ್ಲ ಎತ್ತಬೇಕು, ಗಲ್ಲದ ಕೆಳಗೆ ವಯಲಿನ್ ಇದೆ. ಮನೆಯಲ್ಲಿ ನುಡಿಸುವ ಭಂಗಿಯಲ್ಲೇ ಕೂತು, ಕಣ್ಣಿಂದ ಸ್ಟ್ಯಾಂಡ್‌ಗೆ ಟೇಪ್ ಹಿಡಿದು ಅಳೆಸಿ. ಆ ದೂರಕ್ಕೆ ಒಂದು ಸಾದಾ ಕನ್ನಡಕ ಮಾಡಿಸಿಕೊಳ್ಳಿ. ‘ಇತ್ತೀಚೆಗೆ ನೊಟೇಷನ್ ಓದೋದು ನಿಧಾನ ಆಗಿದೆ’ ಅಂತ ಕೊರಗುವ ಎಷ್ಟೋ ಜನರ ಸಮಸ್ಯೆ ಇಷ್ಟೇ.

ಹಾಳೆಗಳ ಬಗ್ಗೆಯೂ ಒಂದು ಮಾತು. ಹಕ್ಕುಸ್ವಾಮ್ಯ ಮುಗಿದ ಬಹಳಷ್ಟು ಸಂಗೀತ ಐಎಂಎಸ್‌ಎಲ್‌ಪಿ ತಾಣದಲ್ಲಿ 2006ರಿಂದ ಪುಕ್ಕಟೆ ಸಿಗುತ್ತಿದೆ, ಒಳ್ಳೆಯದೇ. ಆದರೆ ಅಲ್ಲಿನ ಹಳೇ ಮುದ್ರಣಗಳಲ್ಲಿ ಎಷ್ಟೋ ಸಲ ಬಾರ್ ನಂಬರ್ ಇರೋದಿಲ್ಲ, ಕಮಾನಿನ ಗುರುತುಗಳೂ ಬೇರೆ. ‘ಬಾರ್ 47ರಿಂದ’ ಅಂತ ಟ್ಯೂಟರ್ ಅಂದಾಗ ಮೂವರು ತಯಾರಾಗಿ ಕೂತಿರುತ್ತಾರೆ, ನೀವು ಒಂದರಿಂದ ಎಣಿಸುತ್ತಿರುತ್ತೀರಿ. ಯಾವ ಪ್ರಕಾಶಕರ ಆವೃತ್ತಿ ಅಂತ ಮುಂಚೆಯೇ ಕೇಳಿ. ಇಲ್ಲದಿದ್ದರೆ ಪ್ರತಿ ಸಾಲಿನ ಶುರುವಿಗೆ ನಂಬರ್ ನೀವೇ ಬರೆದುಕೊಳ್ಳಿ. ಮಡಚುವ ಸ್ಟ್ಯಾಂಡ್‌ಗೆ ಹೆಸರು ಅಂಟಿಸಿ, ಎಲ್ಲವೂ ಒಂದೇ ಥರ ಕಾಣುತ್ತವೆ. ಪೆನ್ಸಿಲ್, ಒಂದು ಸೆಟ್ ತಂತಿ, ಹೊರಗೆ ನುಡಿಸುವಾಗ ಹಾಳೆ ಹಾರದಂತೆ ಬಟ್ಟೆ ಕ್ಲಿಪ್.

ಗುಂಪಿನಲ್ಲಿ ಮನಸ್ತಾಪ ಬರುತ್ತಾ? ಬರುತ್ತದೆ. ಸಾಮಾನ್ಯವಾಗಿ ಬುಧವಾರದ ಹೊತ್ತಿಗೆ, ಎಲ್ಲರಿಗೂ ಸುಸ್ತಾದಾಗ. ‘ನಿಮ್ಮ ಶ್ರುತಿ ಸರಿ ಇಲ್ಲ’ ಅಂತ ಯಾರಿಗೂ ಹೇಳಬೇಡಿ. ‘ಈ ಜಾಗ ನಿಧಾನಕ್ಕೆ ಇನ್ನೊಮ್ಮೆ ನುಡಿಸೋಣವಾ, ನನಗೆ ಕೇಳಿಸಿಕೊಳ್ಳಬೇಕು’ ಅನ್ನಿ. ಸರಿ ಇಲ್ಲದವರಿಗೆ ಗೊತ್ತಾಗುತ್ತದೆ. ಟ್ಯೂಟರ್ ಇರುವಾಗ ಬೇರೆಯವರಿಗೆ ಪಾಠ ಹೇಳುವ ಒಬ್ಬರು ಪ್ರತಿ ಕೋರ್ಸ್‌ನಲ್ಲೂ ಇರುತ್ತಾರೆ. ಅವರನ್ನು ಟ್ಯೂಟರ್‌ಗೇ ಬಿಟ್ಟುಬಿಡಿ.

ಕೊನೆಯ ದಿನದ ಕಾರ್ಯಕ್ರಮದಲ್ಲಿ ನುಡಿಸಿ. ಕೇಳೋರೆಲ್ಲ ನಿಮ್ಮಂಥವರೇ, ತಮ್ಮ ಸರದಿಯ ಚಿಂತೆಯಲ್ಲಿರುವವರು. ಆದರೆ ವಾರವಿಡೀ ಅದೊಂದಕ್ಕೇ ತಾಲೀಮು ಮಾಡಿಸುವ ಕೋರ್ಸ್ ನನಗೆ ಹಿಡಿಸೋದಿಲ್ಲ. ಹಣ ಕಟ್ಟುವ ಮುಂಚೆ ಇದನ್ನು ವಿಚಾರಿಸಿ. ಒಬ್ಬರೇ ಬಂದವರಿಗೂ ಗುಂಪು ಮಾಡಿಕೊಡುತ್ತಾರಾ, ಇಲ್ಲ ನಾಲ್ವರು ಒಟ್ಟಿಗೇ ಬರಬೇಕಾ? ವಾರದಲ್ಲಿ ಎಷ್ಟು ಬೇರೆ ಬೇರೆ ಗುಂಪು? ಟ್ಯೂಟರ್ ಇಡೀ ಹೊತ್ತು ಇರುತ್ತಾರಾ, ಇಲ್ಲ ಅರ್ಧ ಗಂಟೆ ಬಂದು ಹೋಗುತ್ತಾರಾ? ಅರ್ಧ ಗಂಟೆ ಅಂದರೆ ನಿಮಗೆ ಈ ವರ್ಷ ಬೇಡ.

ನಿಮ್ಮ ಯಜಮಾನರನ್ನು ಕರೆದುಕೊಂಡು ಹೋಗೋದು ಬೇಡ ಅನ್ನೋದು ನನ್ನ ಸಲಹೆ, ಕನಿಷ್ಠ ಮೊದಲ ಸಲ. ನುಡಿಸದವರಿಗೂ ಜಾಗ ಕೊಡುತ್ತಾರೆ, ಅದು ನಿಜ. ಆದರೆ ನೀವು ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಹನ್ನೊಂದಕ್ಕೆ ಬರುತ್ತೀರಿ. ಊಟದ ಮೇಜಲ್ಲೂ ಬಾರ್ 47ರದ್ದೇ ಮಾತು. ಅವರಿಗೆ ಸ್ವಂತಕ್ಕೆ ಓದೋದೋ, ನಡೆಯೋದೋ ಇಷ್ಟವಿದ್ದರೆ ಸರಿ. ಇಲ್ಲದಿದ್ದರೆ ನಿಮಗೂ ನೆಮ್ಮದಿ ಇಲ್ಲ, ಅವರಿಗೂ ಇಲ್ಲ.

ಇಷ್ಟವಾಗಿ ಮುಂದಿನ ವರ್ಷವೂ ಹೋಗುವ ಮನಸ್ಸಾದರೆ ಒಂದು ವಯೋಲಾ ಎರವಲು ತನ್ನಿ. ಕೋರ್ಸ್‌ಗಳಲ್ಲಿ ವಯಲಿನ್‌ನವರು ಯಾವಾಗಲೂ ಹೆಚ್ಚು, ವಯೋಲಾದವರು ಕಮ್ಮಿ. ಎರಡೂ ನುಡಿಸುವವರ ಅರ್ಜಿಗೆ ‘ಜಾಗ ಇಲ್ಲ’ ಅನ್ನೋದು ಅಪರೂಪ. ಮೊಜಾರ್ಟ್ ಗೆಳೆಯರ ಕ್ವಾರ್ಟೆಟ್‌ನಲ್ಲಿ ವಯೋಲಾಗೆ ಕೂರುತ್ತಿದ್ದ, ಶೂಬರ್ಟ್ ಮನೆಯವರ ಕ್ವಾರ್ಟೆಟ್‌ನಲ್ಲಿ ಅದನ್ನೇ ಹಿಡಿದಿದ್ದ, ಆ ಟೆರ್ಜೆಟ್ಟೊದಲ್ಲಿ ಡ್ವೊರ್ಝಾಕ್ ತನಗೆ ಇಟ್ಟುಕೊಂಡಿದ್ದೂ ಅದನ್ನೇ. ವಯೋಲಾ ಹಾಳೆಯ ಆಲ್ಟೊ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು) ಹೊಸದು ಅಂತ ಹೆದರಬೇಡಿ. ಶುರುವಿಗೆ ಒಂದು ಉಪಾಯ ಇದೆ: ಹಾಳೆಯನ್ನು ವಯಲಿನ್ ಹಾಳೆ ಅಂದುಕೊಂಡು ಥರ್ಡ್ ಪೊಸಿಷನ್‌ನಲ್ಲಿ ಯಾವ ತಂತಿ, ಯಾವ ಬೆರಳು ಬರುತ್ತೋ, ವಯೋಲಾದಲ್ಲಿ ಫಸ್ಟ್ ಪೊಸಿಷನ್‌ನಲ್ಲಿ ಅದೇ ಸಾಲಿನ ತಂತಿಗೆ ಅದೇ ಬೆರಳು ಇಡಿ. ಶಾರ್ಪ್, ಫ್ಲಾಟ್ ಬಂದಾಗ ಮಾತ್ರ ಕಿವಿಯನ್ನು ನಂಬಿ. ಎರಡು ಮೂರು ತಿಂಗಳಲ್ಲಿ ಈ ಉಪಾಯವೂ ಬೇಕಾಗೋದಿಲ್ಲ.